ಗೆಳೆಯನ ಕಾರಿನ ಬ್ರೇಕು ತೊಡಿಸಿಕೊಂಡು ವಿಶ್ವ ಚಾಂಪಿಯನ್ ಆದ ಮೈಕ್ ಹಾಥಾರ್ನ್

1958ರ ಸೆಪ್ಟೆಂಬರ್ 7ರಂದು ಇಟಲಿಯ ಮೊನ್ಜಾ ರೇಸ್ ಪಥದಲ್ಲಿ ಸಾಲುಗಟ್ಟಿ ನಿಂತಿದ್ದ ಫೆರಾರಿ ಕಾರುಗಳ ಪೈಕಿ ಒಂದು ಕಾರು ಮಾತ್ರ ಉಳಿದವುಗಳಿಗಿಂತ ಭಿನ್ನವಾಗಿತ್ತು. ದೂರದಿಂದ ನೋಡಿದವರಿಗೆ ಭೇದವೇನೂ ತಿಳಿಯುತ್ತಿರಲಿಲ್ಲ. ಹತ್ತಿರ ಹೋಗಿ ಚಕ್ರದ ಕಡ್ಡಿಗಳ ಸಂದಿಯಲ್ಲಿ ಇಣುಕಿದವರಿಗೆ ಮಾತ್ರ ದಪ್ಪನೆಯ ಡ್ರಮ್ಮಿನ ಬದಲು ಹೊಳೆಯುವ ಉಕ್ಕಿನ ತಟ್ಟೆ ಕಾಣುತ್ತಿತ್ತು. ಆ ಬ್ರೇಕುಗಳು ಫೆರಾರಿ ಕಾರ್ಖಾನೆಯಲ್ಲಿ ತಯಾರಾದವಲ್ಲ. ಅದಕ್ಕೆ ಐದು ವಾರಗಳ ಹಿಂದೆ ಜರ್ಮನಿಯಲ್ಲಿ ರೇಸ್ ನಡುವೆ ಅಸುನೀಗಿದ್ದ ಪೀಟರ್ ಕಾಲಿನ್ಸ್ ಅವರ ಸ್ವಂತ ಓಡಾಟದ ಕಾರಿನಿಂದ ಬಿಚ್ಚಿ ತಂದವು. ಅವನ್ನು ತಮ್ಮ ಕಾರಿಗೆ ಜೋಡಿಸಬೇಕೆಂದು ಹಟ ಹಿಡಿದವರು ಕಾಲಿನ್ಸ್ ಅವರ ಆಪ್ತ ಗೆಳೆಯ ಮೈಕ್ ಹಾಥಾರ್ನ್.

ಬ್ರಿಟನ್ನಿನ ಪ್ರಪ್ರಥಮ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಎಂದು ಹಾಥಾರ್ನ್ ಅವರ ಹೆಸರು ದಾಖಲೆ ಪುಸ್ತಕಗಳಲ್ಲಿದೆ. ಮೂವತ್ತು ವರ್ಷ ತುಂಬುವ ಮೊದಲೇ ಮುಗಿದುಹೋದ ಆ ಬದುಕಿನ ಬಹುಮುಖ್ಯ ತಿರುವುಗಳಲ್ಲಿ ಎಂಜಿನ್ನಿನ ಶಕ್ತಿಗಿಂತ ಬ್ರೇಕಿನ ಶಕ್ತಿಯೇ ನಿರ್ಣಾಯಕವಾಯಿತು ಎಂಬುದು ಮಾತ್ರ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಗ್ಯಾರೇಜಿನಲ್ಲಿ ಬೆಳೆದ ಹುಡುಗ

ಹಾಥಾರ್ನ್ ಜನಿಸಿದ್ದು 1929ರ ಏಪ್ರಿಲ್ 10ರಂದು, ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದ ಮೆಕ್ಸ್‌ಬರೊದಲ್ಲಿ. ತಂದೆ ಲೆಸ್ಲಿ ಅವರಿಗೆ ರೇಸಿನ ಗೀಳು. ಬ್ರೂಕ್‌ಲ್ಯಾಂಡ್ಸ್ ರೇಸ್ ಪಥಕ್ಕೆ ಹತ್ತಿರವಿರಲೆಂದೇ ಅವರು ಸರ್ರೆ ಪ್ರಾಂತ್ಯದ ಫಾರ್ನ್‌ಹ್ಯಾಮ್ ಪಟ್ಟಣದಲ್ಲಿ ಗ್ಯಾರೇಜೊಂದನ್ನು ಕೊಂಡು ಸಂಸಾರ ಸಮೇತ ಅಲ್ಲಿ ನೆಲೆಸಿದರು. ಮಗ ಬೆಳೆದದ್ದು ಗ್ರೀಸು, ಪೆಟ್ರೋಲುಗಳ ವಾಸನೆಯ ನಡುವೆ. ಶಾಲೆ ಮುಗಿದ ಬಳಿಕ ಸಮೀಪದ ಗಿಲ್ಡ್‌ಫರ್ಡ್ ಪಟ್ಟಣದ ಲಾರಿ ತಯಾರಿಕಾ ಸಂಸ್ಥೆ ಡೆನಿಸ್‌ನಲ್ಲಿ ಅಪ್ರೆಂಟಿಸ್ ಆಗಿ ಕೆಲಸ ಕಲಿತರು. ಈ ಗಿಲ್ಡ್‌ಫರ್ಡ್ ಹೆಸರು ಅವರ ಬದುಕಿನಲ್ಲಿ ಮತ್ತೊಮ್ಮೆ ಬರಲಿದೆ.

1950ರಲ್ಲಿ ತಂದೆಯ ಹಳೆಯ ರೈಲಿ ಕಾರಿನೊಂದಿಗೆ ಸ್ಪರ್ಧೆಗಿಳಿದ ತರುಣ, 1952ರ ಈಸ್ಟರ್ ವೇಳೆಗೆ ಗುಡ್‌ವುಡ್ ಪಥದಲ್ಲಿ ಕೂಪರ್-ಬ್ರಿಸ್ಟಲ್ ಕಾರು ಓಡಿಸಿ ಒಂದೇ ದಿನ ಎರಡು ರೇಸ್ ಗೆದ್ದು ಎಲ್ಲರ ಹುಬ್ಬೇರಿಸಿದರು. ಮರುವರ್ಷವೇ ಎಂಜೊ ಫೆರಾರಿ ಅವರಿಂದ ಕರೆ ಬಂತು. 1953ರ ಜುಲೈನಲ್ಲಿ ಫ್ರಾನ್ಸಿನ ರೀಮ್ಸ್‌ನಲ್ಲಿ ನಡೆದ ಗ್ರ್ಯಾನ್ ಪ್ರಿಯಲ್ಲಿ ಅರ್ಜೆಂಟೀನಾದ ದಿಗ್ಗಜ ಹುವಾನ್ ಮ್ಯಾನುಯೆಲ್ ಫಾಂಜಿಯೊ ಅವರನ್ನು ಕೇವಲ ಒಂದು ಸೆಕೆಂಡಿನ ಅಂತರದಲ್ಲಿ ಹಿಂದಿಕ್ಕಿದಾಗ ಹಾಥಾರ್ನ್ ಅವರಿಗೆ 24 ವರ್ಷ. ಆರಡಿ ಮೀರಿದ ಎತ್ತರ, ಹೊಂಬಣ್ಣದ ಕೂದಲು, ರೇಸಿನಲ್ಲೂ ಬಿಡದ ಬೋ ಟೈ. ಫ್ರೆಂಚರು ಅವರಿಗೆ ಚಿಟ್ಟೆ ಎಂದೇ ಹೆಸರಿಟ್ಟರು.

1954 ಮಾತ್ರ ಅವರ ಪಾಲಿಗೆ ಕೆಟ್ಟ ವರ್ಷ. ಇಟಲಿಯ ಸಿರಾಕ್ಯೂಸ್‌ನಲ್ಲಿ ಕಾರಿಗೆ ಬೆಂಕಿ ಬಿದ್ದು ಮೈ ಸುಟ್ಟಿತು. ತಂದೆ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಕಡ್ಡಾಯ ಸೇನಾ ಸೇವೆಯಿಂದ ತಪ್ಪಿಸಿಕೊಂಡು ವಿದೇಶದಲ್ಲಿ ರೇಸ್ ಓಡಿಸುತ್ತಿದ್ದಾರೆಂದು ಬ್ರಿಟಿಷ್ ಪತ್ರಿಕೆಗಳು ದೂರಿದವು. ಸಂಸತ್ತಿನಲ್ಲೂ ಪ್ರಶ್ನೆ ಎದ್ದಿತು. ವಾಸ್ತವದಲ್ಲಿ ಅವರು ಮೂತ್ರಪಿಂಡದ ಕಾಯಿಲೆಯಿಂದ ನರಳುತ್ತಿದ್ದರು, ಒಂದು ಮೂತ್ರಪಿಂಡವನ್ನು ತೆಗೆಸಬೇಕಾಯಿತು. ರೋಗದ ಗುಟ್ಟು ಬಯಲಾದರೆ ರೇಸಿನ ಲೈಸೆನ್ಸ್ ಕೈತಪ್ಪೀತೆಂಬ ಭಯದಿಂದ ಅವರು ಬೈಗುಳವನ್ನು ಮೌನವಾಗಿ ನುಂಗಿಕೊಂಡರು. ತಂದೆಯ ಗ್ಯಾರೇಜನ್ನು ನೋಡಿಕೊಳ್ಳಬೇಕಿದ್ದ ಕಾರಣ ಊರಿಗೆ ಸಮೀಪದ ತಂಡಗಳತ್ತ ಮುಖ ಮಾಡಿದರು. ಹೀಗೆ ಜಾಗ್ವಾರ್ ಕೂಡ ಅವರ ಬದುಕನ್ನು ಪ್ರವೇಶಿಸಿತು.

ಡ್ರಮ್ಮಿಗೂ ಡಿಸ್ಕಿಗೂ ಏನು ವ್ಯತ್ಯಾಸ?

ಓಡುವ ಕಾರನ್ನು ನಿಲ್ಲಿಸುವುದೆಂದರೆ ಅದರ ಚಲನ ಶಕ್ತಿಯನ್ನು ಶಾಖವನ್ನಾಗಿ ಬದಲಾಯಿಸುವುದೇ ಹೊರತು ಬೇರೇನಲ್ಲ. ವೇಗ ಎರಡು ಪಟ್ಟಾದರೆ ಹೊರಹಾಕಬೇಕಾದ ಶಾಖ ನಾಲ್ಕು ಪಟ್ಟಾಗುತ್ತದೆ. ಆ ಕಾಲದ ಬಹುತೇಕ ಕಾರುಗಳಲ್ಲಿ ಇದ್ದದ್ದು ಡ್ರಮ್ ಬ್ರೇಕು. ತಿರುಗುವ ಡ್ರಮ್ಮಿನ ಒಳಗೋಡೆಗೆ ಬ್ರೇಕ್ ಶೂಗಳು ಒಳಗಿನಿಂದ ಒತ್ತುತ್ತವೆ. ಶಾಖ ಮುಚ್ಚಿದ ಪಾತ್ರೆಯಲ್ಲಿ ಸಿಕ್ಕಿಕೊಂಡಂತೆ ಒಳಗೇ ಉಳಿಯುತ್ತದೆ. ಕಾದ ಡ್ರಮ್ಮು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಲೈನಿಂಗ್ ತನ್ನ ಹಿಡಿತ ಕಳೆದುಕೊಳ್ಳುತ್ತದೆ. ಚಾಲಕ ಪೆಡಲನ್ನು ಎಷ್ಟು ತುಳಿದರೂ ಕಾರು ಮುನ್ನುಗ್ಗುತ್ತದೆ. ಘಟ್ಟದ ಇಳಿಜಾರಿನಲ್ಲಿ ತುಂಬಿದ ಲಾರಿ ಇಳಿಸುವ ಚಾಲಕರು ಈ ಸ್ಥಿತಿಯನ್ನು ಅದರ ಸುಟ್ಟ ವಾಸನೆಯಿಂದಲೇ ಗುರುತಿಸಬಲ್ಲರು. ರೇಸ್ ಪಥದಲ್ಲಿ ಪ್ರತಿ ಸುತ್ತಿನಲ್ಲೂ ಇದೇ ಮರುಕಳಿಸುತ್ತದೆ. ರಸ್ತೆಯ ಮೇಲೆ ಚೆನ್ನಾಗಿಯೇ ನಿಲ್ಲುವ ಕಾರು ಪಥದಲ್ಲಿ ಹತ್ತಾರು ಸುತ್ತು ಮುಗಿಸುವಷ್ಟರಲ್ಲಿ ಸೋಲುವುದು ಇದರಿಂದಲೇ.

ಡಿಸ್ಕ್ ಬ್ರೇಕಿನಲ್ಲಿ ತಟ್ಟೆ ಗಾಳಿಗೆ ತೆರೆದುಕೊಂಡಿರುತ್ತದೆ. ಎರಡೂ ಬದಿಯಿಂದ ಪ್ಯಾಡುಗಳು ಅದನ್ನು ಇಕ್ಕಳದಂತೆ ಹಿಡಿಯುತ್ತವೆ. ತಟ್ಟೆ ಕಾದು ಹಿಗ್ಗಿದರೂ ಪ್ಯಾಡಿನತ್ತಲೇ ಹಿಗ್ಗುತ್ತದೆ. ಬ್ರಿಟನ್ನಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರೂ ಅದನ್ನು ರೇಸಿನ ಶಾಖ ತಾಳುವಂತೆ ಪಳಗಿಸಿದ್ದು ಅರ್ಧ ಶತಮಾನದ ಬಳಿಕ, ಡನ್‌ಲಪ್ ಮತ್ತು ಜಾಗ್ವಾರ್ ಸಂಸ್ಥೆಗಳು ಕೈಜೋಡಿಸಿದಾಗ. 1952ರಲ್ಲಿ ಸ್ಟರ್ಲಿಂಗ್ ಮಾಸ್ ಡಿಸ್ಕ್ ಬ್ರೇಕಿನ ಜಾಗ್ವಾರ್ ಸಿ-ಟೈಪ್ ಕಾರಿನಲ್ಲಿ ರೀಮ್ಸ್ ರೇಸ್ ಗೆದ್ದರು. 1953ರಲ್ಲಿ ಅದೇ ಮಾದರಿ ಕಾರು ಫ್ರಾನ್ಸಿನ ಲೆ ಮಾನ್ 24 ಗಂಟೆಗಳ ರೇಸನ್ನೂ ಗೆದ್ದಿತು.

ಲೆ ಮಾನ್ ದುರಂತ

1955ರ ಜೂನ್ 11ರ ಸಂಜೆ ಲೆ ಮಾನ್‌ನಲ್ಲಿ ಹಾಥಾರ್ನ್ ಅವರ ಡಿಸ್ಕ್ ಬ್ರೇಕಿನ ಜಾಗ್ವಾರ್ ಡಿ-ಟೈಪ್ ಮತ್ತು ಫಾಂಜಿಯೊ ಅವರ ಮರ್ಸಿಡಿಸ್ ನಡುವೆ ಜಿದ್ದಾಜಿದ್ದಿ ನಡೆದಿತ್ತು. ಮರ್ಸಿಡಿಸ್‌ನಲ್ಲಿದ್ದದ್ದು ಡ್ರಮ್ ಬ್ರೇಕು. ಅದರ ಭಾರ ತಗ್ಗಿಸಲು ಚಾಲಕನ ಹಿಂಬದಿಯಲ್ಲಿ ದೊಡ್ಡ ತಗಡೊಂದನ್ನು ಎತ್ತಿ ಗಾಳಿಗೆ ಒಡ್ಡುವ ಏರ್ ಬ್ರೇಕ್ ವ್ಯವಸ್ಥೆ ಮಾಡಲಾಗಿತ್ತು. ಎರಡೂ ಕಾರುಗಳು ಸುತ್ತಿನ ದಾಖಲೆಯನ್ನು ಮತ್ತೆ ಮತ್ತೆ ಮುರಿಯುತ್ತಿದ್ದವು.

ಸಂಜೆ ಆರೂವರೆಯ ಸುಮಾರಿಗೆ ಇಂಧನ ತುಂಬಿಸಿಕೊಳ್ಳಲು ಪಿಟ್‌ಗೆ ಬರಬೇಕಿದ್ದ ಹಾಥಾರ್ನ್, ನಿಧಾನಗತಿಯ ಆಸ್ಟಿನ್-ಹೀಲಿಯೊಂದನ್ನು ಹಿಂದಿಕ್ಕಿ ಬಲಕ್ಕೆ ಸರಿದು ಬ್ರೇಕ್ ಹಾಕಿದರು. ಆ ಕಾರಿನಲ್ಲಿದ್ದ ಲ್ಯಾನ್ಸ್ ಮ್ಯಾಕ್ಲಿನ್ ಡಿಕ್ಕಿ ತಪ್ಪಿಸಲು ಎಡಕ್ಕೆ ಎಳೆದುಕೊಂಡರು. ಗಂಟೆಗೆ 200 ಕಿ.ಮೀ. ಮೀರಿದ ವೇಗದಲ್ಲಿ ಹಿಂದಿನಿಂದ ಬರುತ್ತಿದ್ದ ಮತ್ತೊಂದು ಮರ್ಸಿಡಿಸ್‌ನ ಚಾಲಕ ಪಿಯರ್ ಲೆವೆ ಅವರಿಗೆ ದಾರಿಯೇ ಉಳಿಯಲಿಲ್ಲ. ಆಸ್ಟಿನ್-ಹೀಲಿಯ ಹಿಂಭಾಗದ ಮೇಲೇರಿದ ಕಾರು ಗಾಳಿಗೆ ಹಾರಿ ದಿಬ್ಬಕ್ಕೆ ಬಡಿದು ಛಿದ್ರವಾಯಿತು. ಎಂಜಿನ್ ಮತ್ತು ಮುಂಭಾಗದ ಬಿಡಿಭಾಗಗಳು ಜನಜಂಗುಳಿಯ ಮೇಲೆ ನುಗ್ಗಿದವು. ಲೆವೆ ಸೇರಿದಂತೆ 80ಕ್ಕೂ ಹೆಚ್ಚು ಜನ ಪ್ರಾಣ ತೆತ್ತರು. ಮೋಟಾರ್ ರೇಸಿನ ಇತಿಹಾಸದಲ್ಲಿ ಇದಕ್ಕಿಂತ ಭೀಕರ ದುರಂತ ಮತ್ತೊಂದಿಲ್ಲ.

ಹೊಸ ಬ್ರೇಕು ಈ ಸಾವುಗಳಿಗೆ ಕಾರಣವಾಯಿತೆ? ಹಾಗೆಂದು ನೇರವಾಗಿ ಹೇಳಿಬಿಡುವುದು ಸರಳೀಕರಣವಾದೀತು. ಮ್ಯಾಕ್ಲಿನ್ ಅವರ ಕಾರಿಗೂ ಡಿಸ್ಕ್ ಬ್ರೇಕುಗಳೇ ಇದ್ದವು. ಪಿಟ್‌ಗೂ ಪಥಕ್ಕೂ ನಡುವೆ ಗೋಡೆಯಿರಲಿಲ್ಲ, ಪಥ ಆ ಜಾಗದಲ್ಲಿ ಕಿರಿದಾಗಿತ್ತು, ಪ್ರೇಕ್ಷಕರಿಗೆ ಮಣ್ಣಿನ ದಿಬ್ಬವೊಂದೇ ರಕ್ಷಣೆಯಾಗಿತ್ತು. ಆದರೂ ಒಂದು ಮಾತು ಉಳಿಯುತ್ತದೆ. ಎಲ್ಲ ಕಾರುಗಳೂ ಹೆಚ್ಚುಕಡಿಮೆ ಒಂದೇ ದೂರದಲ್ಲಿ ನಿಲ್ಲುತ್ತಿದ್ದ ಕಾಲದಲ್ಲಿ ಮುಂದಿನವನು ಎಲ್ಲಿ ಬ್ರೇಕ್ ಹಾಕಬಹುದೆಂದು ಹಿಂದಿನವನು ಊಹಿಸಬಲ್ಲವನಾಗಿದ್ದ. ಡಿ-ಟೈಪ್ ಆ ಊಹೆಯನ್ನು ಬುಡಮೇಲು ಮಾಡಿತ್ತು.

ತತ್ತರಿಸಿದ್ದ ಹಾಥಾರ್ನ್ ತಮ್ಮ ಪಿಟ್ ದಾಟಿ ಮುಂದೆ ಹೋಗಿ ನಿಂತರು. ಹಿಮ್ಮುಖವಾಗಿ ಬರಲು ನಿಯಮ ಬಿಡದ ಕಾರಣ ಇನ್ನೊಂದು ಸುತ್ತು ಹಾಕಿ ಬರಬೇಕಾಯಿತು. ರೇಸ್ ನಿಲ್ಲಲಿಲ್ಲ. ನಡುರಾತ್ರಿ ಕಳೆದ ಮೇಲೆ ಮರ್ಸಿಡಿಸ್ ತಂಡ ಹಿಂದೆ ಸರಿಯಿತು. ಹಾಥಾರ್ನ್ ಮತ್ತು ಐವರ್ ಬ್ಯೂಬ್ ಜೋಡಿ ಗೆದ್ದಿತು. ಗೆಲುವಿನ ಬಳಿಕ ಹಾಥಾರ್ನ್ ನಗುತ್ತಿದ್ದ ಛಾಯಾಚಿತ್ರವನ್ನು ಫ್ರೆಂಚ್ ಪತ್ರಿಕೆಗಳು ಕ್ಷಮಿಸಲಿಲ್ಲ. ಅಧಿಕೃತ ತನಿಖೆ ಯಾವ ಚಾಲಕನನ್ನೂ ದೋಷಿಯೆನ್ನಲಿಲ್ಲ. ಆದರೆ 1958ರಲ್ಲಿ ಬಂದ ಆತ್ಮಕಥೆಯಲ್ಲಿ ಹಾಥಾರ್ನ್ ತಮ್ಮ ಮೇಲಿನ ಹೊಣೆಯನ್ನು ನಿರಾಕರಿಸಿದ್ದನ್ನು ಕಂಡು ಕೆರಳಿದ ಮ್ಯಾಕ್ಲಿನ್ ಮಾನನಷ್ಟ ಮೊಕದ್ದಮೆ ಹೂಡಿದರು.

ಮರನೆಲ್ಲೊದ ಹಟ

1957ರಲ್ಲಿ ಹಾಥಾರ್ನ್ ಮತ್ತೆ ಫೆರಾರಿ ತಂಡ ಸೇರಿದರು. ಅಲ್ಲಿ ಜೊತೆಯಾದವರು ಪೀಟರ್ ಕಾಲಿನ್ಸ್. ಒಬ್ಬರನ್ನೊಬ್ಬರು ಅರ್ಧ ಫ್ರೆಂಚ್, ಅರ್ಧ ಇಂಗ್ಲಿಷಿನ ಅಡ್ಡಹೆಸರಿನಿಂದ ಕರೆದುಕೊಳ್ಳುತ್ತಿದ್ದ ಈ ಗೆಳೆಯರು ಬಹುಮಾನದ ಹಣವನ್ನೂ ಹಂಚಿಕೊಳ್ಳುತ್ತಿದ್ದರೆಂಬುದು ಪ್ರಸಿದ್ಧ. ಎಂಜೊ ಫೆರಾರಿ ಅವರಿಗೆ ಎಂಜಿನ್ ಎಂದರೆ ಪ್ರಾಣ. ಹೊಸ ಬಗೆಯ ಬ್ರೇಕು, ಅದರಲ್ಲೂ ಇಂಗ್ಲೆಂಡಿನದು, ಅವರಿಗೆ ಬೇಡವಾಗಿತ್ತು. ಎದುರಾಳಿ ವ್ಯಾನ್‌ವಾಲ್ ತಂಡ ಡಿಸ್ಕ್ ಬ್ರೇಕುಗಳೊಂದಿಗೆ ತಿರುವಿನ ಅಂಚಿನವರೆಗೂ ವೇಗ ಉಳಿಸಿಕೊಂಡು ಬರುತ್ತಿದ್ದರೆ ಫೆರಾರಿ ಚಾಲಕರು ಮೊದಲೇ ಬ್ರೇಕ್ ತುಳಿಯಬೇಕಿತ್ತು. ಕಾಲಿನ್ಸ್ ಮಾಲೀಕರ ಒಪ್ಪಿಗೆಗೆ ಕಾಯದೆ ತಮ್ಮ ಸ್ವಂತ ಫೆರಾರಿ 250 ಜಿಟಿ ಕಾರಿಗೆ ಡನ್‌ಲಪ್ ಡಿಸ್ಕ್ ಬ್ರೇಕುಗಳನ್ನು ಹಾಕಿಸಿಕೊಂಡಿದ್ದರು.

1958ರ ಜುಲೈ 6ರಂದು ಹಾಥಾರ್ನ್ ರೀಮ್ಸ್‌ನಲ್ಲಿ ಗೆದ್ದ ದಿನವೇ ಸಹಚಾಲಕ ಲುಯಿಜಿ ಮುಸ್ಸೊ ಸತ್ತರು. ಆಗಸ್ಟ್ 3ರಂದು ನ್ಯೂರ್ಬರ್ಗ್‌ರಿಂಗ್‌ನಲ್ಲಿ, ಟೋನಿ ಬ್ರೂಕ್ಸ್ ಅವರ ವ್ಯಾನ್‌ವಾಲ್ ಬೆನ್ನಟ್ಟಿದ್ದ ಕಾಲಿನ್ಸ್ ತಿರುವೊಂದರಲ್ಲಿ ಹೆಚ್ಚು ವೇಗದಿಂದ ಹೊರಸರಿದು ದಿಬ್ಬಕ್ಕೆ ತಗುಲಿ ಕಾರಿನಿಂದ ಎಸೆಯಲ್ಪಟ್ಟರು. ತೀರಾ ಹಿಂದೆಯೇ ಇದ್ದ ಹಾಥಾರ್ನ್ ಅದನ್ನು ಕಣ್ಣಾರೆ ಕಂಡರು. ಡ್ರಮ್ ಬ್ರೇಕುಗಳು ದಣಿದದ್ದೇ ಇದಕ್ಕೆ ಕಾರಣವೆಂದು ಖಚಿತವಾಗಿ ಹೇಳಲಾಗದು. ಡಿಸ್ಕ್ ಬ್ರೇಕಿನ ಕಾರನ್ನು ಡ್ರಮ್ ಬ್ರೇಕಿನ ಕಾರಿನಲ್ಲಿ ಬೆನ್ನಟ್ಟುತ್ತಿದ್ದರು ಎಂಬುದು ಮಾತ್ರ ಸತ್ಯ.

ಆ ಬಳಿಕ ಹಾಥಾರ್ನ್ ಪಟ್ಟು ಸಡಿಲಿಸಲಿಲ್ಲ. ಮರನೆಲ್ಲೊದ ಕಾರ್ಖಾನೆಯಲ್ಲಿ ಕಾಲಿನ್ಸ್ ಅವರ ಕಾರಿನ ಬ್ರೇಕುಗಳನ್ನು ಬಿಚ್ಚಿ ಹಾಥಾರ್ನ್ ಅವರ ರೇಸ್ ಕಾರಿಗೆ ಅಳವಡಿಸಲಾಯಿತು. ಒಂದು ಕಾರಿನ ಬ್ರೇಕನ್ನು ಇನ್ನೊಂದಕ್ಕೆ ತೊಡಿಸುವುದು ಬೋಲ್ಟು ಬಿಗಿದಷ್ಟು ಸುಲಭದ ಕೆಲಸವಲ್ಲ. ಡ್ರಮ್ಮಿನ ಶೂ ತಿರುಗುವಿಕೆಯಿಂದ ತಾನೇ ಇನ್ನಷ್ಟು ಬಿಗಿಯಾಗುತ್ತದೆ. ಡಿಸ್ಕಿಗೆ ಆ ಗುಣವಿಲ್ಲ, ಹೆಚ್ಚು ಒತ್ತಡ ಬೇಕು. ಮುಂದಿನ, ಹಿಂದಿನ ಚಕ್ರಗಳ ನಡುವೆ ಬ್ರೇಕಿನ ಬಲ ಹಂಚಿಕೆ ತಪ್ಪಿದರೆ ಕಾರು ಗಿರಕಿ ಹೊಡೆಯುತ್ತದೆ. ಭಾರದ ರಸ್ತೆ ಕಾರಿಗೆಂದು ಅಳೆದ ಬ್ರೇಕು ಹಗುರವಾದ ರೇಸ್ ಕಾರಿಗೆ ಒಗ್ಗಬೇಕಿತ್ತು.

ಒಗ್ಗಿತು. ಮೊನ್ಜಾದಲ್ಲಿ ಹಾಥಾರ್ನ್ ಮುಂಚೂಣಿಯಲ್ಲಿ ಓಡಿದರು. ಕೊನೆಯಲ್ಲಿ ಕ್ಲಚ್ ಕೈಕೊಟ್ಟು ಬ್ರೂಕ್ಸ್ ಮುಂದಾದರೂ ಎರಡನೇ ಸ್ಥಾನ ದಕ್ಕಿತು. ಅಕ್ಟೋಬರ್ 19ರಂದು ಮೊರಾಕ್ಕೊದಲ್ಲಿ ಮಾಸ್ ಗೆದ್ದರು, ಹಾಥಾರ್ನ್ ಮತ್ತೆ ಎರಡನೆಯವರು. ವರ್ಷದಲ್ಲಿ ನಾಲ್ಕು ರೇಸ್ ಗೆದ್ದ ಮಾಸ್ ಅವರಿಗೆ 41 ಅಂಕ. ಒಂದೇ ಒಂದು ಗೆದ್ದ ಹಾಥಾರ್ನ್ ಅವರಿಗೆ 42. ಈ ಒಂದು ಅಂಕದ ಹಿಂದೆ ಮಾಸ್ ಅವರ ದೊಡ್ಡತನವೂ ಇತ್ತು. ಪೋರ್ಚುಗಲ್ ರೇಸಿನಲ್ಲಿ ನಿಯಮ ಮುರಿದ ಆರೋಪ ಹಾಥಾರ್ನ್ ಮೇಲೆ ಬಂದಾಗ ಅವರ ಪರ ಸಾಕ್ಷಿ ಹೇಳಿ ಎರಡನೇ ಸ್ಥಾನ ಉಳಿಸಿಕೊಟ್ಟವರು ಮಾಸ್ ಅವರೇ. ಮೊರಾಕ್ಕೊದಲ್ಲಿ ಸುಟ್ಟಗಾಯಗೊಂಡ ವ್ಯಾನ್‌ವಾಲ್ ಚಾಲಕ ಸ್ಟುವರ್ಟ್ ಲೂಯಿಸ್-ಇವಾನ್ಸ್ ಆರು ದಿನಗಳ ಬಳಿಕ ತೀರಿಕೊಂಡರು. ಸಾವುಗಳನ್ನು ಕಂಡು ಬೇಸತ್ತಿದ್ದ ಹೊಸ ಚಾಂಪಿಯನ್ ನಿವೃತ್ತಿ ಘೋಷಿಸಿದರು. ಮದುವೆ ನಿಶ್ಚಯವಾಗಿತ್ತು, ನಡೆಸಿಕೊಂಡು ಹೋಗಲು ಗ್ಯಾರೇಜು ಇತ್ತು.

ಗಿಲ್ಡ್‌ಫರ್ಡ್ ರಸ್ತೆ

1959ರ ಜನವರಿ 22. ಮಳೆ, ಬಿರುಗಾಳಿ. ಹಾಥಾರ್ನ್ ತಮ್ಮ ಜಾಗ್ವಾರ್ 3.4 ಕಾರಿನಲ್ಲಿ ಲಂಡನ್ ಕಡೆಗೆ ಹೊರಟಿದ್ದರು. ದಾರಿಯಲ್ಲಿ ಪರಿಚಿತ ರೇಸ್ ತಂಡದ ಮಾಲೀಕ ರಾಬ್ ವಾಕರ್ ಮರ್ಸಿಡಿಸ್ ಕಾರಿನಲ್ಲಿ ಹೋಗುತ್ತಿದ್ದರು. ಲೆ ಮಾನ್ ಬಳಿಕ ಹಾಥಾರ್ನ್ ಅವರಿಗೆ ಜರ್ಮನ್ ಕಾರುಗಳೆಂದರೆ ಅಷ್ಟಕ್ಕಷ್ಟೆ. ಗಿಲ್ಡ್‌ಫರ್ಡ್ ಬೈಪಾಸ್‌ನಲ್ಲಿ ವಾಕರ್ ಅವರನ್ನು ಹಿಂದಿಕ್ಕಿದ ಜಾಗ್ವಾರ್ ಒದ್ದೆ ರಸ್ತೆಯ ಮೇಲೆ ಹಿಡಿತ ತಪ್ಪಿ, ಎದುರಿನಿಂದ ಬಂದ ಲಾರಿಗೆ ತಗುಲಿ, ಮರಕ್ಕೆ ಅಪ್ಪಳಿಸಿತು. ಎಂತಹ ಬ್ರೇಕಾದರೂ ಟೈರು ನೆಲವನ್ನು ಹಿಡಿದಿರುವಷ್ಟು ಹೊತ್ತು ಮಾತ್ರ ಕೆಲಸಕ್ಕೆ ಬರುತ್ತದೆ. 29 ವರ್ಷದ ಚಾಂಪಿಯನ್ ಉಳಿಯಲಿಲ್ಲ. ವಿಚಾರಣೆ ಅದನ್ನು ಆಕಸ್ಮಿಕ ಸಾವೆಂದು ತೀರ್ಮಾನಿಸಿತು. ಮ್ಯಾಕ್ಲಿನ್ ಹೂಡಿದ್ದ ಮೊಕದ್ದಮೆ ಇತ್ಯರ್ಥವಾಗದೆ ಉಳಿಯಿತು.

ಅದೇ ವರ್ಷದ ರೇಸ್ ಋತುವಿನಲ್ಲಿ ಫೆರಾರಿ ತಂಡದ ಫಾರ್ಮುಲಾ ಒನ್ ಕಾರುಗಳು ಡಿಸ್ಕ್ ಬ್ರೇಕುಗಳೊಂದಿಗೆ ಕಣಕ್ಕಿಳಿದವು.