ಮುದ್ದಣ: ಮರೆಯ ಹಿಂದಿನ ಕವಿ

ಹೊಸಗನ್ನಡದ ಮುಂಗೋಳಿಯೆಂದು ಪ್ರಸಿದ್ಧನಾದ ಮುದ್ದಣನು ತನ್ನ ಹೆಸರನ್ನು ತಾನೇ ಮರೆಮಾಡಿಕೊಂಡ ಕವಿ. 1870ರಲ್ಲಿ ನಂದಳಿಕೆಯಲ್ಲಿ ಜನಿಸಿದ ಲಕ್ಷ್ಮೀನಾರಣಪ್ಪನು ಬಡತನದ ಕಾರಣ ಓದನ್ನು ಮುಂದುವರಿಸಲಾರದೆ ಉಡುಪಿ, ಕುಂದಾಪುರಗಳಲ್ಲಿ ವ್ಯಾಯಾಮ ಶಿಕ್ಷಕನಾಗಿ ದುಡಿದನು. ಡ್ರಿಲ್ ಮಾಸ್ತರನ ಹಳಗನ್ನಡವನ್ನು ಪಂಡಿತರು ಮನ್ನಿಸರೆಂಬ ಅಳುಕಿನಿಂದಲೋ ಏನೋ, 'ಅದ್ಭುತ ರಾಮಾಯಣ', 'ಶ್ರೀರಾಮಪಟ್ಟಾಭಿಷೇಕ', 'ಶ್ರೀರಾಮಾಶ್ವಮೇಧ'ಗಳನ್ನು ಹಿಂದಿನ ಕವಿಯ ಕೃತಿಗಳೆಂಬಂತೆ ಮೈಸೂರಿನ ಸಂಪಾದಕರಿಗೆ ಕಳುಹಿಸಿದನು. ವಿದ್ವಾಂಸರು ನಂಬಿ ಮೆಚ್ಚಿದರು. ಮೆಚ್ಚುಗೆ ಮಾತ್ರ ಕರ್ತೃವಿನ ಪಾಲಿಗೆ ಬರಲಿಲ್ಲ. 1901ರ ಫೆಬ್ರವರಿಯಲ್ಲಿ, ಮೂವತ್ತೊಂದರ ಹರೆಯದಲ್ಲಿ, ಕ್ಷಯರೋಗ ಅವನನ್ನು ಕೊಂಡೊಯ್ದಿತು.

ಅವನೇ ಕರ್ತೃವೆಂಬ ಸಂಗತಿ ಲೋಕಕ್ಕೆ ಖಚಿತವಾದದ್ದು ಅನಂತರವೇ. ಆತನು ಆಪ್ತರಿಗೆ ಬರೆದ ಕೆಲವು ಖಾಸಗಿ ಪತ್ರಗಳನ್ನು ಕೃತಿಗಳ ಪಕ್ಕದಲ್ಲಿರಿಸಿ ಓದಿದರೆ, ಪ್ರಾಚೀನ ಕವಿಯ ಮುಸುಕು ಸರಿದು ಸಂಕೋಚದ, ಹಟದ ತರುಣನೊಬ್ಬನು ಕಾಣುತ್ತಾನೆ. ಆದರೆ ಅವನನ್ನು ಕಾಣಲು ಪತ್ರಗಳೇ ಬೇಕೆಂದಿಲ್ಲ. 'ಶ್ರೀರಾಮಾಶ್ವಮೇಧ'ದಲ್ಲಿ ಕಥೆ ಹೇಳುವ ಬಡಕವಿಯೂ, ಸಂಸ್ಕೃತದ ಬಿಗುವನ್ನು ಬಿಟ್ಟು ತಿಳಿಗನ್ನಡದಲ್ಲಿ ಹೇಳೆಂದು ಅವನನ್ನು ತಡೆಯುವ ಮನೋರಮೆಯೂ ಆ ಕಾಲದ ಮನೆಯಿಂದಲೇ ಎದ್ದುಬಂದವರು. ಹೆಸರನ್ನು ಬಚ್ಚಿಟ್ಟವನಿಗೆ ತನ್ನ ಸಂಸಾರದ ದನಿಯನ್ನು ಬಚ್ಚಿಡಲಾಗಲಿಲ್ಲ.