ಆಕಾಶವಾಣಿ ಕಟ್ಟಿದ ಮೇಷ್ಟ್ರು: ಎಂ. ವಿ. ಗೋಪಾಲಸ್ವಾಮಿ

ಕಕ್ಕೇರಾದ ಹಿರಿಯರನ್ನು ಒಮ್ಮೆ ಮಾತನಾಡಿಸಿ ನೋಡಿ. ಹೊಲದ ಕೆಲಸ ಮುಗಿಸಿ ಬಂದು ಸಂಜೆ ರೇಡಿಯೋ ಮುಂದೆ ಕೂರುತ್ತಿದ್ದ ದಿನಗಳನ್ನು ಅವರು ನೆನಪಿಸಿಕೊಳ್ಳಬಹುದು. ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಕಲಬುರಗಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದದ್ದು 1966ರಲ್ಲಿ. ಆದರೆ ‘ಆಕಾಶವಾಣಿ’ ಎಂಬ ಹೆಸರು ಅದಕ್ಕಿಂತ ಬಹಳ ಹಿಂದೆಯೇ ಕನ್ನಡ ನಾಡಿನಲ್ಲಿ ಕೇಳಿಬಂದಿತ್ತು. ಅದು ಮೈಸೂರಿನ ಒಂದು ಮನೆಯಲ್ಲಿ ನಡೆಯುತ್ತಿದ್ದ ರೇಡಿಯೋ ನಿಲಯದ ಹೆಸರು! ಆ ನಿಲಯ ಕಟ್ಟಿದವರು ಯಾರು ಗೊತ್ತೆ? ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಮೇಷ್ಟ್ರು, ಡಾ. ಎಂ. ವಿ. ಗೋಪಾಲಸ್ವಾಮಿ.

ಗೋಪಾಲಸ್ವಾಮಿಯವರು ಹುಟ್ಟಿದ್ದು 1896ರಲ್ಲಿ. ಅವರು ಓದಿದ ವಿಷಯ ರೇಡಿಯೋ ಅಲ್ಲ, ಮನಃಶಾಸ್ತ್ರ. ಮನುಷ್ಯ ಹೇಗೆ ಕಲಿಯುತ್ತಾನೆ, ಹೇಗೆ ಯೋಚಿಸುತ್ತಾನೆ ಎಂಬುದನ್ನು ತಿಳಿಸುವ ವಿಜ್ಞಾನ ಅದು. ಅವರು ಲಂಡನ್ನಿಗೆ ಹೋಗಿ, ಬುದ್ಧಿಶಕ್ತಿಯ ಅಧ್ಯಯನಕ್ಕೆ ಹೆಸರಾಗಿದ್ದ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಕಲಿತರು. ಹಿಂದಿರುಗಿ ಬಂದು 1924ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ವಿಭಾಗವನ್ನು ಆರಂಭಿಸಿದರು. ಆಗ ಬುದ್ಧಿಶಕ್ತಿಯನ್ನು ಅಳೆಯುವ ಪರೀಕ್ಷೆಗಳೆಲ್ಲ ಪಶ್ಚಿಮದ ದೇಶಗಳಿಂದ ಬರುತ್ತಿದ್ದವು. ಅಲ್ಲಿಯ ಮಕ್ಕಳಿಗೆಂದು ಬರೆದ ಪ್ರಶ್ನೆಯನ್ನು ನಮ್ಮ ಮಕ್ಕಳ ಮುಂದೆ ಹಾಗೆಯೇ ಇಟ್ಟರೆ ಸರಿಯಾದ ಅಳತೆ ಸಿಕ್ಕೀತೆ? ಗೋಪಾಲಸ್ವಾಮಿಯವರು ಆ ಪರೀಕ್ಷೆಗಳನ್ನು ನಮ್ಮ ಜನರಿಗೆ ಹೊಂದುವಂತೆ ಮಾರ್ಪಡಿಸಿದರು. ಈ ‘ಹೊಂದಿಸುವುದು’ ಎಂಬ ಮಾತನ್ನು ನೆನಪಿಡಿ. ಮುಂದೆ ಮತ್ತೆ ಬರುತ್ತದೆ.

1935ರ ಸೆಪ್ಟೆಂಬರ್ 10ರಂದು ಅವರು ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ರೇಡಿಯೋ ಪ್ರಸಾರ ಆರಂಭಿಸಿದರು. ಅವರ ಬಳಿ ಇದ್ದ ಟ್ರಾನ್ಸ್‌ಮಿಟರಿನ ಶಕ್ತಿ ಕೇವಲ 30 ವ್ಯಾಟ್. ಹಳೆಯ ಕಾಲದ 60 ವ್ಯಾಟ್ ಬಲ್ಬ್ ಬಳಸುತ್ತಿದ್ದ ವಿದ್ಯುತ್ತಿನ ಅರ್ಧದಷ್ಟು! ಇಷ್ಟು ಪುಟ್ಟ ಶಕ್ತಿಯಿಂದ ಊರ ಜನರಿಗೆ ಮಾತು, ಸಂಗೀತ ಮುಟ್ಟಿಸಬೇಕಿತ್ತು. ಹಾಗಾದರೆ ಒಂದೊಂದು ವ್ಯಾಟ್ ಕೂಡ ಅಮೂಲ್ಯವಲ್ಲವೆ?

ಇಲ್ಲೊಂದು ತೊಡಕಿದೆ. ಟ್ರಾನ್ಸ್‌ಮಿಟರ್ ಇರುವುದು ಕೋಣೆಯೊಳಗೆ. ಅಲೆಗಳನ್ನು ಹೊರಗೆ ಚೆಲ್ಲುವ ಆಂಟೆನಾ ಇರುವುದು ಎತ್ತರದಲ್ಲಿ. ಎರಡನ್ನೂ ಸೇರಿಸುವುದು ಒಂದು ತಂತಿಯ ಜೋಡಿ ಅಥವಾ ಕೇಬಲ್. ಟ್ರಾನ್ಸ್‌ಮಿಟರಿನಿಂದ ಹೊರಟ ಶಕ್ತಿಯೆಲ್ಲ ಆಂಟೆನಾದಿಂದ ಹೊರಗೆ ಹೋಗುತ್ತದೆಯೆ? ಹೋಗಲೇಬೇಕೆಂದೇನಿಲ್ಲ!

ಒಂದು ಪ್ರಯೋಗ ಮಾಡಿ ನೋಡಿ. ಬಾವಿಯ ದಪ್ಪ ಹಗ್ಗದ ತುದಿಗೆ ತೆಳ್ಳನೆಯ ಹುರಿ ಕಟ್ಟಿ. ಹುರಿಯ ತುದಿಯನ್ನು ಗೆಳೆಯ ಹಿಡಿದುಕೊಳ್ಳಲಿ. ನೀವು ದಪ್ಪ ಹಗ್ಗವನ್ನು ಸ್ವಲ್ಪ ಬಿಗಿಯಾಗಿ ಹಿಡಿದು ಒಮ್ಮೆ ಜೋರಾಗಿ ಅಲುಗಿಸಿ. ಒಂದು ಅಲೆ ಓಡುತ್ತದೆ. ಗಂಟಿನ ಬಳಿ ಏನಾಗುತ್ತದೆ? ಅಲೆಯ ಒಂದು ಭಾಗ ಮುಂದೆ ಹೋಗುತ್ತದೆ, ಇನ್ನೊಂದು ಭಾಗ ನಿಮ್ಮ ಕೈಗೇ ವಾಪಸು ಬರುತ್ತದೆ. ಹಗ್ಗಕ್ಕೂ ಹುರಿಗೂ ಹೊಂದಾಣಿಕೆ ಇಲ್ಲದ್ದೇ ಇದಕ್ಕೆ ಕಾರಣ.

ರೇಡಿಯೋ ತಂತಿಯಲ್ಲೂ ಹೀಗೆಯೇ. ವೇಗವಾಗಿ ದಿಕ್ಕು ಬದಲಿಸುವ ವಿದ್ಯುತ್ತಿಗೆ ತಂತಿ, ಆಂಟೆನಾ ಎಲ್ಲವೂ ಒಂದು ಬಗೆಯ ತಡೆ ಒಡ್ಡುತ್ತವೆ. ಇದೇ ಇಂಪೀಡೆನ್ಸ್. 1886ರಲ್ಲಿ ಈ ಹೆಸರು ಕೊಟ್ಟವರು ಇಂಗ್ಲೆಂಡಿನ ಆಲಿವರ್ ಹೆವಿಸೈಡ್. ಇದನ್ನು ಅಳೆಯುವ ಮಾನ ಓಮ್. ಕೇಬಲ್ಲಿನ ಮತ್ತು ಆಂಟೆನಾದ ಇಂಪೀಡೆನ್ಸ್ ಸಮನಾಗಿದ್ದರೆ ಅಲೆ ಸರಾಗವಾಗಿ ದಾಟುತ್ತದೆ. ಬೇರೆ ಬೇರೆಯಾಗಿದ್ದರೆ ಸ್ವಲ್ಪ ಭಾಗ ಹಿಂದಿರುಗುತ್ತದೆ. ಹಾಗೆ ಹಿಂದಿರುಗಿದ ಶಕ್ತಿ ಟ್ರಾನ್ಸ್‌ಮಿಟರಿನ ಭಾಗಗಳನ್ನು ಬಿಸಿ ಮಾಡಿ ಕೆಡಿಸಲೂಬಹುದು.

ಎಷ್ಟು ಹಿಂದಿರುಗುತ್ತದೆ? ಏಳನೆಯ ತರಗತಿಯ ಭಿನ್ನರಾಶಿ ಗೊತ್ತಿದ್ದರೆ ಸಾಕು, ಲೆಕ್ಕ ಮಾಡಬಹುದು. ಕೇಬಲ್ 50 ಓಮ್, ಆಂಟೆನಾ 200 ಓಮ್ ಎಂದುಕೊಳ್ಳಿ. ವ್ಯತ್ಯಾಸ 150, ಮೊತ್ತ 250. ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದರೆ 3/5. ಅದರ ವರ್ಗ 9/25. ಅಂದರೆ ಆಂಟೆನಾದ ಬಳಿಗೆ 30 ವ್ಯಾಟಿನ ಅಲೆ ಬಂದರೆ ಅದರಲ್ಲಿ 10.8 ವ್ಯಾಟ್ ಹಿಂದಿರುಗುತ್ತದೆ. ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು!

ಇದಕ್ಕೆ ಪರಿಹಾರವೂ ಇದೆ. ಹಗ್ಗ ಮತ್ತು ಹುರಿಯ ನಡುವೆ ಮಧ್ಯಮ ದಪ್ಪದ ಹಗ್ಗ ಕಟ್ಟಿದಂತೆ, ಕೇಬಲ್ ಮತ್ತು ಆಂಟೆನಾ ನಡುವೆ ಇನ್ನೊಂದು ತಂತಿಯ ತುಂಡನ್ನು ಸೇರಿಸುತ್ತಾರೆ. ಅದರ ಉದ್ದ ಅಲೆಯುದ್ದದ ಕಾಲು ಭಾಗ. ಅದರ ಇಂಪೀಡೆನ್ಸ್ ಎಷ್ಟಿರಬೇಕು? 50ನ್ನು 200ರಿಂದ ಗುಣಿಸಿ, ವರ್ಗಮೂಲ ತೆಗೆಯಿರಿ. ಉತ್ತರ 100 ಓಮ್. ಸುರುಳಿಗಳನ್ನು ಬಳಸಿ ಹೊಂದಿಸುವ ವಿಧಾನಗಳೂ ಇವೆ. ಇಂದಿಗೂ ಹ್ಯಾಮ್ ಎಂದು ಕರೆಸಿಕೊಳ್ಳುವ ಹವ್ಯಾಸಿ ರೇಡಿಯೋ ಗೆಳೆಯರು ಆಂಟೆನಾ ಕಟ್ಟಿದೊಡನೆ ಮೊದಲು ನೋಡುವುದು ಈ ಹೊಂದಾಣಿಕೆಯನ್ನೇ.

ಮತ್ತೆ ಮೈಸೂರಿಗೆ ಬರೋಣ. 30 ವ್ಯಾಟ್ ಸಾಲದೆಂದು ಗೋಪಾಲಸ್ವಾಮಿಯವರು ಮುಂದೆ ವಿದೇಶದಿಂದ 250 ವ್ಯಾಟಿನ ಟ್ರಾನ್ಸ್‌ಮಿಟರ್ ತರಿಸಿದರು. ಆದರೆ ನಿಲಯ ನಡೆಸುವುದು ಒಬ್ಬ ಮೇಷ್ಟ್ರ ಸಂಬಳದಲ್ಲಿ ಆಗುವ ಕೆಲಸವೆ? ಸಾರ್ವಜನಿಕರು ನೆರವಾದರು, ಮೈಸೂರಿನ ಪುರಸಭೆಯೂ ಕೈಜೋಡಿಸಿತು. ಹೀಗೆ ಆರು ವರ್ಷಕ್ಕೂ ಹೆಚ್ಚು ಕಾಲ ನಡೆಸಿ, 1942ರ ಜನವರಿಯಲ್ಲಿ ನಿಲಯವನ್ನು ಮೈಸೂರು ಸಂಸ್ಥಾನಕ್ಕೆ ಒಪ್ಪಿಸಿದರು. ತಮ್ಮ ಕೈಯಾರೆ ಕಟ್ಟಿದ್ದನ್ನು ಎಲ್ಲರದಾಗಲಿ ಎಂದು ಬಿಟ್ಟುಕೊಡುವುದು ಸುಲಭದ ಮಾತಲ್ಲ.

1950ರಲ್ಲಿ ಆ ನಿಲಯ ಆಲ್ ಇಂಡಿಯಾ ರೇಡಿಯೋಗೆ ಸೇರಿತು. 1955ರಲ್ಲಿ ಬೆಂಗಳೂರಿಗೆ ಹೋಯಿತು. ಅದೇ ದಶಕದಲ್ಲಿ ಇಡೀ ದೇಶದ ರೇಡಿಯೋಗೆ ಆಕಾಶವಾಣಿ ಎಂಬ ಹೆಸರು ಬಂತು. ಗೋಪಾಲಸ್ವಾಮಿಯವರು 1957ರಲ್ಲಿ ತೀರಿಕೊಂಡರು. 1974ರಲ್ಲಿ ಮೈಸೂರಿಗೆ ಮತ್ತೆ ಆಕಾಶವಾಣಿ ಕೇಂದ್ರ ಬಂತು. 2023ರಲ್ಲಿ ಕೇಂದ್ರ ಸರ್ಕಾರ, ಇನ್ನು ಮುಂದೆ ಆಕಾಶವಾಣಿ ಎಂಬ ಹೆಸರನ್ನೇ ಬಳಸಬೇಕೆಂದು ಹೇಳಿತು.

ಮಕ್ಕಳೇ, ರೇಡಿಯೋ ಓದದ ಮೇಷ್ಟ್ರು ರೇಡಿಯೋ ನಿಲಯ ಕಟ್ಟಿದರು. ನಮಗಿದು ಬಾರದ ವಿಷಯ ಎಂದು ಅವರು ಸುಮ್ಮನೆ ಕೂರಲಿಲ್ಲ. ಶಕ್ತಿ ಕಡಿಮೆ ಎಂದು ಬಿಡಲೂ ಇಲ್ಲ. ಈಗ ನಿಮಗೊಂದು ಲೆಕ್ಕ: ಕೇಬಲ್ 50 ಓಮ್, ಆಂಟೆನಾ 150 ಓಮ್ ಆಗಿದ್ದರೆ ಮೇಷ್ಟ್ರ 30 ವ್ಯಾಟಿನಲ್ಲಿ ಎಷ್ಟು ಹಿಂದಿರುಗುತ್ತದೆ? ಬಿಡಿಸಿ, ನಿಮ್ಮ ಶಿಕ್ಷಕರಿಗೆ ತೋರಿಸಿ.