ಜಾನ್ ಚಿಲೆಂಬ್ವೆ

ಆಫ್ರಿಕಾ ಖಂಡದ ಆಗ್ನೇಯ ಭಾಗದಲ್ಲಿ, ವಿಶಾಲವಾದ ಸರೋವರವೊಂದರ ದಡದಲ್ಲಿ ಮಲಾವಿ ಎಂಬ ಚಿಕ್ಕ ದೇಶವಿದೆ. 1891ರಲ್ಲಿ ಬ್ರಿಟಿಷರು ಅದನ್ನು ತಮ್ಮ ರಕ್ಷಣೆಗೆ ಒಳಪಟ್ಟ ಪ್ರದೇಶವೆಂದು ಸಾರಿದರು. ಮುಂದೆ ಅದಕ್ಕೆ ನ್ಯಾಸಾಲ್ಯಾಂಡ್ ಎಂಬ ಹೆಸರಾಯಿತು. ಗುಡಿಸಲಿಗಿಷ್ಟೆಂದು ಕಂದಾಯ ವಸೂಲು ಮಾಡಲು ಅಲ್ಲಿ ಅಧಿಕಾರಿಗಳಿದ್ದರು; ಮಕ್ಕಳಿಗೆ ಅಕ್ಷರ ಕಲಿಸುವ ಹೊಣೆಯನ್ನು ಮಾತ್ರ ಸರಕಾರವು ಪಾದ್ರಿಗಳಿಗೆ ಬಿಟ್ಟಿತ್ತು. ಶಾಲೆಯೆಂದರೆ ಬಿಳಿಯರ ಮಿಷನ್ನಿನ ಶಾಲೆ ಎಂಬುದೇ ರೂಢಿಯಾಗಿದ್ದ ಕಾಲವದು.

ಅಂಥ ನಾಡಿನ ಚಿರಾಜುಲು ಪ್ರಾಂತದಲ್ಲಿ, ಸುಮಾರು 1871ರಲ್ಲಿ ಜಾನ್ ಚಿಲೆಂಬ್ವೆ ಜನಿಸಿದನು. ಬ್ಲಾಂಟೈರಿನ ಸ್ಕಾಟಿಷ್ ಮಿಷನ್ನಿನಲ್ಲಿ ಕೆಲಕಾಲ ಕಲಿತು, 1892ರಲ್ಲಿ ಜೋಸೆಫ್ ಬೂತ್ ಎಂಬ ಪಾದ್ರಿಯ ಮನೆಯಲ್ಲಿ ಕೆಲಸಕ್ಕೆ ಸೇರಿದನು. ಬೂತ್ ಇತರರಂಥವನಲ್ಲ. ಆಫ್ರಿಕಾ ಖಂಡವು ಆಫ್ರಿಕನ್ನರದೇ ಎಂದು ಬರೆದು, ಸ್ವಜಾತಿಯವರ ಕೋಪಕ್ಕೆ ಗುರಿಯಾದವನು. 1897ರಲ್ಲಿ ಅವನು ಚಿಲೆಂಬ್ವೆಯನ್ನು ಅಮೆರಿಕಕ್ಕೆ ಕರೆದೊಯ್ದನು. ಅಲ್ಲಿ ವರ್ಜೀನಿಯಾ ಪ್ರಾಂತದ ಲಿಂಚ್‌ಬರ್ಗಿನಲ್ಲಿ ಕಪ್ಪುಜನರೇ ನಡೆಸುತ್ತಿದ್ದ ದೈವಶಾಸ್ತ್ರ ಕಾಲೇಜೊಂದಿತ್ತು. ಗುಲಾಮಗಿರಿಯಿಂದ ಬಿಡುಗಡೆಹೊಂದಿ ನಾಲ್ಕು ದಶಕಗಳೂ ತುಂಬದ ಜನರು ತಮ್ಮ ಚರ್ಚನ್ನೂ ಶಾಲೆಯನ್ನೂ ತಾವೇ ನಡೆಸುತ್ತಿದ್ದುದನ್ನು ಅವನು ಕಣ್ಣಾರೆ ಕಂಡನು. ಪಾಠಗಳಿಗಿಂತ ಈ ನೋಟವೇ ಅವನಿಗೆ ಹೆಚ್ಚು ಕಲಿಸಿರಬೇಕು.

1900ರಲ್ಲಿ ಪಾದ್ರಿಯಾಗಿ ಮರಳಿದ ಚಿಲೆಂಬ್ವೆಯು ಮ್ಬೋಂಬ್ವೆ ಎಂಬಲ್ಲಿ ಪ್ರಾವಿಡೆನ್ಸ್ ಇಂಡಸ್ಟ್ರಿಯಲ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದನು. ಅಮೆರಿಕದ ಕಪ್ಪುಜನರ ಬ್ಯಾಪ್ಟಿಸ್ಟ್ ಸಂಘವು ಹಣವನ್ನೂ ಉಪದೇಶಕರನ್ನೂ ಕಳುಹಿಸಿತು. ಹುಡುಗರು ಓದು, ಬರಹ, ಲೆಕ್ಕಗಳೊಡನೆ ಕೈಕಸುಬನ್ನೂ ಕಲಿತರು. ಚಿಲೆಂಬ್ವೆಯ ಪತ್ನಿ ಐಡಾ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿದಳು. 1912ರ ವೇಳೆಗೆ ಶಾಲೆಗಳು ಏಳಾಗಿ, ವಿದ್ಯಾರ್ಥಿಗಳ ಸಂಖ್ಯೆ ಸುಮಾರು 1000ಕ್ಕೆ ಏರಿತ್ತು. ಮರುವರ್ಷ ಇಟ್ಟಿಗೆಯ ದೊಡ್ಡ ಚರ್ಚೊಂದು ತಲೆಯೆತ್ತಿತು. ತನ್ನವರು ಶುಭ್ರವಾದ ಉಡುಪು ತೊಟ್ಟು, ಟೋಪಿಯಿಟ್ಟು ಘನತೆಯಿಂದ ನಡೆಯಬೇಕೆಂಬುದು ಅವನ ಆಸೆ. ಬಿಳಿಯರೆದುರು ಟೋಪಿ ತೆಗೆದೇ ನಿಲ್ಲಬೇಕೆಂದು ಬಯಸುತ್ತಿದ್ದ ತೋಟಗಾರರಿಗೆ ಇದು ಉದ್ಧಟತನವಾಗಿ ಕಂಡಿತು.

ಮಿಷನ್ನಿನ ನೆರೆಯಲ್ಲೇ ಮಗೊಮೆರೊ ಎಂಬ ವಿಸ್ತಾರವಾದ ಎಸ್ಟೇಟಿತ್ತು. ಗುಲಾಮರ ವ್ಯಾಪಾರವನ್ನು ವಿರೋಧಿಸಿ ಹೆಸರಾದ ಡೇವಿಡ್ ಲಿವಿಂಗ್‌ಸ್ಟನ್ನನ ಮಗಳ ಮನೆತನಕ್ಕೇ ಅದು ಸೇರಿದ್ದುದು ವಿಧಿಯ ವಿಡಂಬನೆ. ಅಲ್ಲಿ ನೆಲೆಸಿದವರು ನೆಲದ ಬಾಡಿಗೆಗೆಂದು ದುಡಿಯಬೇಕಿತ್ತು. ಇದಕ್ಕೆ ಥಂಗಾಟ ಎಂದು ಹೆಸರು. ಮೊದಲು ಆ ಮಾತಿಗೆ ನಮ್ಮ ಹಳ್ಳಿಗಳ ಮುಯ್ಯಾಳಿನಂತೆ ಪರಸ್ಪರ ನೆರವು ಎಂಬ ಅರ್ಥವಿತ್ತು. ಎಸ್ಟೇಟಿನಲ್ಲಿ ಅದು ಬಿಟ್ಟಿಯಾಯಿತು. ವ್ಯವಸ್ಥಾಪಕ ವಿಲಿಯಂ ಜರ್ವಿಸ್ ಲಿವಿಂಗ್‌ಸ್ಟನ್ ಎಸ್ಟೇಟಿನೊಳಗೆ ಚಿಲೆಂಬ್ವೆಯ ಚರ್ಚಾಗಲಿ ಶಾಲೆಯಾಗಲಿ ಏಳಕೂಡದೆಂದು ನಿಷೇಧಿಸಿದನು; ಕಟ್ಟಿದ್ದನ್ನು ಸುಡಿಸಿದನು. ಅಕ್ಷರ ಕಲಿತ ಆಳು ಕೂಲಿಯ ಲೆಕ್ಕ ಕೇಳುವನೆಂಬ ಅಳುಕು ತೋಟಗಾರರಲ್ಲಿ ಇಲ್ಲದಿರಲಿಲ್ಲ.

1914ರಲ್ಲಿ ಮಹಾಯುದ್ಧ ಆರಂಭವಾಯಿತು. ಸೆಪ್ಟೆಂಬರಿನಲ್ಲಿ ಕರೊಂಗದ ಬಳಿ ಜರ್ಮನರೊಡನೆ ನಡೆದ ಕಾಳಗದಲ್ಲಿ ಅನೇಕ ಆಫ್ರಿಕನ್ ಸಿಪಾಯಿಗಳು ಮಡಿದರು. ಶಾಂತಿಕಾಲದಲ್ಲಿ ಯಾವ ಪಾಲೂ ಇಲ್ಲದ ಬಡಜನರನ್ನು ತಮ್ಮದಲ್ಲದ ಯುದ್ಧದಲ್ಲಿ ಸಾಯಲು ಕರೆಯುವುದೇಕೆಂದು ಚಿಲೆಂಬ್ವೆ ಪತ್ರಿಕೆಗೆ ಬರೆದನು. ಸರಕಾರವು ಆ ಪತ್ರ ಓದುಗರ ಕೈಸೇರದಂತೆ ತಡೆಯಿತು. ಅಹವಾಲು ಹೇಳಿಕೊಳ್ಳಲು ಇದ್ದ ಒಂದೇ ದಾರಿಯೂ ಮುಚ್ಚಿತು. ಆ ವೇಳೆಗೆ ಅವನು ಸಾಲದಲ್ಲಿ ಮುಳುಗಿದ್ದನು, ಉಬ್ಬಸದಿಂದ ನರಳುತ್ತಿದ್ದನು, ದೃಷ್ಟಿಯೂ ಮಂದವಾಗಿತ್ತು.

1915ರ ಜನವರಿ 23ರ ರಾತ್ರಿ ಅವನ ಅನುಯಾಯಿಗಳು ದಂಗೆಯೆದ್ದು ಮಗೊಮೆರೊದ ಮೇಲೆ ಬಿದ್ದರು. ಲಿವಿಂಗ್‌ಸ್ಟನ್ನನೂ ಇನ್ನಿಬ್ಬರು ಬಿಳಿಯರೂ ಹತರಾದರು. ಹೆಂಗಸರು ಮಕ್ಕಳನ್ನು ಮುಟ್ಟಬಾರದೆಂಬ ಚಿಲೆಂಬ್ವೆಯ ಕಟ್ಟಾಜ್ಞೆಯನ್ನು ದಂಗೆಕೋರರು ಪಾಲಿಸಿದರು. ಆದರೆ ಲಿವಿಂಗ್‌ಸ್ಟನ್ನನ ಕಡಿದ ತಲೆಯನ್ನು ಚರ್ಚಿಗೆ ತಂದು, ಅದರ ಸಮ್ಮುಖದಲ್ಲೇ ಪ್ರಾರ್ಥನೆ ನಡೆಸಿದುದೂ ಸತ್ಯ. ಹದಿನೈದು ವರ್ಷಗಳಿಂದ ಕ್ರಿಸ್ತನ ಮಾತು ಬೋಧಿಸಿದವನ ಚರಿತ್ರೆಯಲ್ಲಿ ಈ ಘಟನೆಯನ್ನು ಮರೆಮಾಚಲಾಗದು. ನಿರೀಕ್ಷಿಸಿದ ಜನಬೆಂಬಲ ದೊರೆಯಲಿಲ್ಲ. ಕೆಲವೇ ದಿನಗಳಲ್ಲಿ ದಂಗೆ ಅಡಗಿತು. ಸೈನಿಕರು ಇಟ್ಟಿಗೆಯ ಚರ್ಚನ್ನು ಸಿಡಿಮದ್ದಿನಿಂದ ಉರುಳಿಸಿದರು. ಫೆಬ್ರವರಿ 3ರಂದು, ಪೋರ್ಚುಗೀಸರ ಗಡಿಯತ್ತ ಸಾಗುತ್ತಿದ್ದ ಚಿಲೆಂಬ್ವೆಯು ಮುಲಾಂಜೆಯ ಬಳಿ ಪೋಲೀಸರ ಗುಂಡಿಗೆ ಬಲಿಯಾದನು. ಸುಮಾರು 40 ಮಂದಿ ಮರಣದಂಡನೆಗೆ ಒಳಗಾದರು.

ಶಾಲೆಗಳು ಮುಚ್ಚಿದವು. ಬಿಳಿಯರ ಮೇಲ್ವಿಚಾರಣೆಯಿಲ್ಲದ ಪ್ರತಿಯೊಂದು ಚರ್ಚನ್ನೂ ಸರಕಾರವು ಸಂಶಯದಿಂದ ನೋಡತೊಡಗಿತು. ಚಿಲೆಂಬ್ವೆಯ ಶಾಲೆಯಲ್ಲಿ ಓದಿ, ಅಮೆರಿಕದಲ್ಲಿ ವೈದ್ಯನಾಗಿದ್ದ ಡೇನಿಯಲ್ ಮಲೆಕೆಬು ಸ್ವದೇಶಕ್ಕೆ ಮರಳಲು ಬಯಸಿದಾಗ ಮೊದಲು ಅನುಮತಿ ದೊರೆಯಲಿಲ್ಲ. ಅವನು ಕಾದನು. 1926ರಲ್ಲಿ ಕೊನೆಗೂ ಅಪ್ಪಣೆ ಪಡೆದು ಬಂದು, ಮ್ಬೋಂಬ್ವೆಯಲ್ಲಿ ಮಿಷನ್ನಿನ ಬಾಗಿಲನ್ನು ಮತ್ತೆ ತೆರೆದನು. ಮಕ್ಕಳು ಪುನಃ ಬಂದು ಕುಳಿತರು. ಚರ್ಚಿನ ಗೋಡೆಗಳೂ ಮೆಲ್ಲಮೆಲ್ಲನೆ ಮೇಲೆದ್ದವು.